ಸೀಲು, ಮಹಜರು ಮತ್ತು ಒಂದು ಮನೆಯ ಅರ್ಜಿ

(ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣದ ಪಠ್ಯ)





ಈ ವರ್ಷದ ಜಮಾ ಖರ್ಚನ್ನು ಖಜಾಂಚಿಯವರು ಈಗಾಗಲೇ ಓದಿದ್ದಾರೆ. ಅದರಲ್ಲಿ ‘ಕಾನೂನು ನೆರವು’ ಎಂಬ ಹೊಸ ಸಾಲೊಂದಿದೆ. ಮೊತ್ತ ಚಿಕ್ಕದು. ಆದರೂ ಅದು ಯಾಕೆ ಬಂತು, ಯಾರಿಗಾಗಿ ಖರ್ಚಾಯಿತು ಎಂದು ಹಲವರು ಕೇಳಿದ್ದೀರಿ. ಕೇಳಲೇಬೇಕು, ಹಣ ನಿಮ್ಮದು. ಅದಕ್ಕೆ ಉತ್ತರ ಕೊಡುವುದೇ ಇಂದಿನ ಮಾತಿನ ಉದ್ದೇಶ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಹೇಳುತ್ತಿದ್ದೇವೆ.

ಕಳೆದ ವರ್ಷ ಅರ್ಜಿಗಳ ಪರಿಶೀಲನೆ ನಡೆಯುತ್ತಿದ್ದಾಗ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದರು. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದು ನರ್ಸಿಂಗ್‌ಗೆ ಅರ್ಜಿ ಹಾಕಿದ್ದಳು. ನಮ್ಮ ಪಟ್ಟಿಯಲ್ಲಿ ಅವಳ ಹೆಸರು ಮೇಲಿನ ಸಾಲಿನಲ್ಲೇ ಇತ್ತು. ದಾಖಲೆ ಏನಾದರೂ ಕೊಡಲು ಬಂದಿರಬೇಕು ಎಂದುಕೊಂಡೆವು. ಅವರು ಕೂತುಕೊಳ್ಳಲೂ ಇಲ್ಲ. “ಅರ್ಜಿ ವಾಪಸ್ ಕೊಡಿ ಸಾಹೇಬರೇ. ನಮ್ಮ ಮನೆ ಹೆಸರು ನಿಮ್ಮ ಪುಸ್ತಕದಲ್ಲಿ ಬೇಡ. ದುಡ್ಡು ಕೊಟ್ಟವರು ಓದ್ತಾರೆ” ಎಂದರು. “ಕೂತ್ಕೊಳ್ಳಿ ಆಪಾ, ಏನಾಯ್ತು ಹೇಳಿ” ಎಂದು ಎರಡು ಸಲ ಹೇಳಿದ ಮೇಲೆ ವಿಷಯ ಹೊರಬಂತು. ಗೂಡ್ಸ್ ಆಟೊ ಓಡಿಸುತ್ತಿದ್ದ ಹಿರಿಯ ಮಗನಿಗೆ ಗಾಂಜಾ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತ್ತು. ಅವನ ಗಾಡಿಯಲ್ಲಿದ್ದ ಚೀಲದಲ್ಲಿ 3 ಕೆಜಿ 400 ಗ್ರಾಂ ಗಾಂಜಾ ಸಿಕ್ಕಿತು ಎಂಬುದು ಪೊಲೀಸರ ದೂರು. ಲೋಡಿನ ಜೊತೆ ಯಾರೋ ಇಟ್ಟ ಚೀಲ, ಒಳಗೇನಿದೆ ಗೊತ್ತಿರಲಿಲ್ಲ ಎಂಬುದು ಅವನ ಹೇಳಿಕೆ.

ಮೇಲ್ಮನವಿ ಹಾಕಿದ್ದೀರಾ ಎಂದು ಕೇಳಿದೆವು. “ತೀರ್ಪು ಆಗೋಯ್ತಲ್ಲ ಸಾಹೇಬರೇ, ಇನ್ನೇನಿದೆ?” ಎಂದರು. ಶಿಕ್ಷೆಯಾಗಿ ಆಗಲೇ 40 ದಿನ ಕಳೆದಿತ್ತು.

ಆ ರಾತ್ರಿ ಟ್ರಸ್ಟಿಗಳ ನಡುವೆ ಗಟ್ಟಿಯಾಗಿಯೇ ಚರ್ಚೆ ನಡೆಯಿತು. ಮಾದಕ ವಸ್ತು ಹರಾಮ್, ಅದರ ವಿರುದ್ಧ ನಾವೇ ಪ್ರತಿ ವರ್ಷ ಮಹಲ್ಲಾಗಳಲ್ಲಿ ಸಭೆ ಮಾಡುತ್ತೇವೆ, ಈಗ ಅದೇ ಕೇಸಿಗೆ ನಾವು ಕೈಹಾಕಿದರೆ ಜನ ಏನನ್ನುತ್ತಾರೆ ಎಂದು ಒಬ್ಬ ಹಿರಿಯರು ಕೇಳಿದರು. ಅವರ ಮಾತಿನಲ್ಲಿ ತೂಕವಿತ್ತು. ಗಾಂಜಾ, ಎಂಡಿಎಂಎ ಎಷ್ಟು ಮನೆಗಳನ್ನು ಹಾಳು ಮಾಡಿವೆ ಎಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಇನ್ನೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಅವನು ತಪ್ಪು ಮಾಡಿದ್ದಾನೆ ಎಂದು ನಮಗೆ ಗೊತ್ತೇ?” ಗೊತ್ತಿಲ್ಲ. ಮಾಡಿಲ್ಲ ಎಂದೂ ಗೊತ್ತಿಲ್ಲ. ಹಾಗಾದರೆ ಕನಿಷ್ಠ ಕಾಗದಗಳನ್ನು ಓದಿ ನೋಡೋಣ ಎಂದು ತೀರ್ಮಾನವಾಯಿತು. ಆರೋಪ ಮಾಡಿದವನೇ ಪುರಾವೆ ತರಬೇಕು ಎಂಬುದು ನಮ್ಮ ಫಿಕ್ಹ್‌ನಲ್ಲೂ ಹಳೆಯ ನಿಯಮ. ದೇಶದ ಕಾನೂನೂ ಅದನ್ನೇ ಹೇಳುತ್ತದೆ.

ಇಲ್ಲಿ ಕಾನೂನಿನ ವಿಷಯ ಸ್ವಲ್ಪ ಹೇಳಲೇಬೇಕು. ಇಂಥ ಪ್ರಕರಣಗಳು ನಡೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆಯಡಿ. ಶಿಕ್ಷೆ ವಸ್ತುವಿನ ತೂಕದ ಮೇಲೆ ನಿಂತಿದೆ. ಗಾಂಜಾ 1 ಕೆಜಿವರೆಗೆ ಇದ್ದರೆ ಅಲ್ಪ ಪ್ರಮಾಣ, ಒಂದು ವರ್ಷದವರೆಗೆ ಶಿಕ್ಷೆ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ ಆಗಬಹುದು. ಹೆರಾಯಿನ್‌ಗೆ ಈ ಗಡಿಗಳು 5 ಗ್ರಾಂ ಮತ್ತು 250 ಗ್ರಾಂ. ಒಬ್ಬ ಹುಡುಗ ಎಷ್ಟು ವರ್ಷ ಜೈಲಿನಲ್ಲಿರಬೇಕು ಎಂಬುದನ್ನು ಒಂದು ತಕ್ಕಡಿ ನಿರ್ಧರಿಸುತ್ತದೆ. ಇದರ ಮೇಲೆ, ವಸ್ತು ಇವನ ಬಳಿ ಇತ್ತು ಎಂದು ಸಾಬೀತಾದರೆ ತಿಳಿದೇ ಇಟ್ಟುಕೊಂಡಿದ್ದ ಎಂದು ನ್ಯಾಯಾಲಯ ಭಾವಿಸಬಹುದು. ಅಲ್ಲ ಎಂದು ತೋರಿಸುವ ಭಾರ ಆರೋಪಿಯ ಮೇಲೆ ಬೀಳುತ್ತದೆ.

ಇಷ್ಟು ಕಠಿಣ ಕಾನೂನು ಬರೆದವರು ಪೊಲೀಸರ ಕೈಗೂ ಕಟ್ಟುಪಾಡು ಹಾಕಿದ್ದಾರೆ. ವ್ಯಕ್ತಿಯ ಮೈ ತಪಾಸಣೆ ಮಾಡುವ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಕೇಳುವ ಹಕ್ಕು ನಿನಗಿದೆ ಎಂದು ಅವನಿಗೆ ಹೇಳಬೇಕು. ಇದು 50ನೇ ಕಲಂ. ಜಪ್ತಿಯಾದ ಮಾಲನ್ನು ಠಾಣಾಧಿಕಾರಿ ತನ್ನ ಸೀಲು ಹಾಕಿ ಭದ್ರವಾಗಿ ಇಡಬೇಕು. ಇದು 55ನೇ ಕಲಂ. 48 ಗಂಟೆಯೊಳಗೆ ಮೇಲಧಿಕಾರಿಗೆ ಪೂರ್ಣ ವರದಿ ಹೋಗಬೇಕು. ಇದು 57ನೇ ಕಲಂ. ಮಾಲಿನ ಪಟ್ಟಿಯನ್ನು ಮ್ಯಾಜಿಸ್ಟ್ರೇಟ್ ದೃಢೀಕರಿಸಬೇಕು, ಅವರ ಎದುರಿನಲ್ಲೇ ಮಾದರಿ ತೆಗೆಯಬೇಕು. ಇದು 52ಎ ಕಲಂ. 2016ರ ಜನವರಿಯಲ್ಲಿ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ಒತ್ತಿ ಹೇಳಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜಪ್ತಿ, ದಾಸ್ತಾನು, ಮಾದರಿ ಮತ್ತು ವಿಲೇವಾರಿಗೆ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿತು.

ಇಷ್ಟೆಲ್ಲ ಯಾಕೆ? ರಸ್ತೆಯಲ್ಲಿ ಸಿಕ್ಕ ಪೊಟ್ಟಣ ಹಲವು ಕೈ ದಾಟಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಜಪ್ತಿ ಮಾಡಿದವರು ಒಬ್ಬರು, ಠಾಣೆಯಲ್ಲಿ ಮುದ್ದೆಮಾಲು ನೋಡಿಕೊಳ್ಳುವವರು ಇನ್ನೊಬ್ಬರು, ಎಫ್‌ಎಸ್‌ಎಲ್‌ಗೆ ಒಯ್ಯುವವರು ಮತ್ತೊಬ್ಬರು. ‘ಇದು ಗಾಂಜಾ’ ಎಂದು ವರದಿ ಬಂದರೆ, ಪ್ರಯೋಗಾಲಯಕ್ಕೆ ಬಂದದ್ದು ಗಾಂಜಾ ಎಂದಷ್ಟೇ ಅರ್ಥ. ಅದು ಅವನ ಗಾಡಿಯಲ್ಲಿ ಸಿಕ್ಕಿದ್ದೇ ಎಂದು ಹೇಳುವುದು ಮಹಜರು, ಸೀಲು ಮತ್ತು ರಿಜಿಸ್ಟರು. ನಡುವೆ ಒಂದು ಕೊಂಡಿ ಕಳಚಿದರೂ ಉಳಿದದ್ದು ಅನುಮಾನ.

ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದ ತೀರ್ಪು ನೂರ್ ಆಗಾ ಪ್ರಕರಣದ್ದು. 1997ರ ಆಗಸ್ಟ್ 1ರಂದು ಅಫ್ಘಾನಿಸ್ತಾನದ ಈ ವ್ಯಕ್ತಿ ಅಮೃತಸರದ ರಾಜಾಸಾಂಸಿ ವಿಮಾನ ನಿಲ್ದಾಣದಲ್ಲಿ ಇಳಿದರು. ಜೊತೆಯಲ್ಲಿ ದ್ರಾಕ್ಷಿಯ ಒಂದು ರಟ್ಟಿನ ಪೆಟ್ಟಿಗೆ. ಆ ರಟ್ಟಿನೊಳಗೆ 1 ಕೆಜಿ 400 ಗ್ರಾಂ ಹೆರಾಯಿನ್ ಅಡಗಿಸಿಟ್ಟಿದ್ದರು ಎಂಬುದು ಕಸ್ಟಮ್ಸ್ ಅಧಿಕಾರಿಗಳ ಆರೋಪ. ವಿಚಾರಣಾ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು.

ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿಗಳಾದ ಎಸ್.ಬಿ. ಸಿನ್ಹಾ ಮತ್ತು ವಿ.ಎಸ್. ಸಿರ್‌ಪುರ್ಕರ್ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡಿದರು. ಆ ಪೆಟ್ಟಿಗೆ ಎಲ್ಲಿ? ನ್ಯಾಯಾಲಯಕ್ಕೆ ಬಂದಿರಲಿಲ್ಲ. ಹೆರಾಯಿನ್? ಅದೂ ಇಲ್ಲ, ನಾಶಪಡಿಸಲಾಗಿದೆ ಎಂದರು, ಆದರೆ ಅದಕ್ಕೂ ಸರಿಯಾದ ಪುರಾವೆ ಇರಲಿಲ್ಲ. ಸ್ವತಂತ್ರ ಸಾಕ್ಷಿಗಳನ್ನು ವಿಚಾರಣೆಗೆ ಕರೆತಂದಿರಲಿಲ್ಲ. ಉಳಿದದ್ದು ಮುಖ್ಯವಾಗಿ ಕಸ್ಟಡಿಯಲ್ಲಿ ಪಡೆದ ತಪ್ಪೊಪ್ಪಿಗೆ. 2008ರ ಜುಲೈ 9ರಂದು ಶಿಕ್ಷೆ ರದ್ದಾಯಿತು. ಕಾಯ್ದೆ ಕಠಿಣವಾದಷ್ಟೂ ಅದರ ಕ್ರಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ವಸ್ತು ಸಿಕ್ಕಿತು ಎಂಬ ಮೂಲ ಸಂಗತಿಯನ್ನು ಮೊದಲು ಸರ್ಕಾರವೇ ಸಾಬೀತು ಮಾಡಬೇಕು, ಆಮೇಲಷ್ಟೇ ಭಾರ ಆರೋಪಿಯ ಕಡೆ ಹೊರಳುತ್ತದೆ ಎಂಬುದು ಆ ತೀರ್ಪಿನ ಸಾರ. ಬಂಧನದಿಂದ ಆ ದಿನದವರೆಗೆ ಹತ್ತಿರ ಹತ್ತಿರ ಹನ್ನೊಂದು ವರ್ಷ.

ಇನ್ನೊಂದು ಪ್ರಕರಣ ನಮ್ಮ ನೆರೆಯ ತೆಲಂಗಾಣದ್ದು. 2009ರಲ್ಲಿ ಒಂದು ವಾಹನದಲ್ಲಿ 80 ಕೆಜಿ ಗಾಂಜಾ ಸಿಕ್ಕಿತು ಎಂದು ಪೊಲೀಸರು ಹೇಳಿದರು. ಆ ಗಂಟುಗಳಲ್ಲಿ ಹಸಿಮೆಣಸಿನಕಾಯಿಯೂ ಇತ್ತು. ಅದನ್ನು ಬೇರೆ ಮಾಡಿ ಗಾಂಜಾವನ್ನಷ್ಟೇ ತೂಕ ಹಾಕಿರಲಿಲ್ಲ, ಮಹಜರಿನಲ್ಲಿ ಮೆಣಸಿನಕಾಯಿಯ ಸುದ್ದಿಯೇ ಇರಲಿಲ್ಲ. ತೂಕವೇ ಶಿಕ್ಷೆಯನ್ನು ನಿರ್ಧರಿಸುವ ಕಾನೂನಿನಲ್ಲಿ ಇದು ಸಣ್ಣ ಮಾತೇ? ಮಾದರಿಗಳು ಕೈ ಬದಲಾದ ಲೆಕ್ಕವೂ ಹೊಂದಲಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಡುಗಡೆ ಮಾಡಿತು. ಅದಕ್ಕೂ ಮುನ್ನ, 2023ರ ಅಕ್ಟೋಬರ್‌ನಲ್ಲಿ, ಚೆನ್ನೈನ ಒಂದು ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ಎದುರು ಮಾದರಿ ತೆಗೆಯದ ಕಾರಣಕ್ಕೆ ಶಿಕ್ಷೆ ರದ್ದಾಗಿತ್ತು. ಅಲ್ಲಿ ಮಾಲು ಜಪ್ತಿಯಾದದ್ದು 2000ದ ಮಾರ್ಚ್‌ನಲ್ಲಿ. 23 ವರ್ಷ!

ಮಾಲು ಕಾಪಾಡುವುದು ಎಷ್ಟು ಮುಖ್ಯ ಎಂಬುದಕ್ಕೆ ಉತ್ತರ ಪ್ರದೇಶದ ಮಥುರಾದ ಸುದ್ದಿ ನಿಮಗೆ ನೆನಪಿರಬಹುದು. 2022ರಲ್ಲಿ ಅಲ್ಲಿನ ಪೊಲೀಸರು ಠಾಣೆಯಲ್ಲಿಟ್ಟಿದ್ದ 500 ಕೆಜಿಗೂ ಹೆಚ್ಚು ಗಾಂಜಾವನ್ನು ಇಲಿಗಳು ತಿಂದುಬಿಟ್ಟವು ಎಂದು ನ್ಯಾಯಾಲಯಕ್ಕೆ ಹೇಳಿದರು. ನ್ಯಾಯಾಲಯ ಪುರಾವೆ ಕೇಳಿತು. ಓದಿದವರೆಲ್ಲ ನಕ್ಕರು. ಆದರೆ ಯೋಚಿಸಿ: ಮಾಲು ಹೀಗೆ ಮಾಯವಾದರೆ ನಿಜವಾದ ದಂಧೆಕೋರ ತಪ್ಪಿಸಿಕೊಳ್ಳುತ್ತಾನೆ, ನಿರಪರಾಧಿಯ ಕೈಯಲ್ಲಿ ತನ್ನ ಮಾತು ಸಾಬೀತು ಮಾಡಲು ಏನೂ ಉಳಿಯುವುದಿಲ್ಲ. ಸೀಲು, ರಿಜಿಸ್ಟರು ಸರಿಯಾಗಿರಲಿ ಎಂದು ಕೇಳುವುದು ಗಾಂಜಾ ಮಾರುವವನ ಪರವಾದ ಮಾತಲ್ಲ. ಅಂಥವನಿಗೆ ಸರಿಯಾಗಿ ಶಿಕ್ಷೆಯಾಗಬೇಕಾದರೂ ಅದೇ ಬೇಕು. ಪ್ರಾಮಾಣಿಕ ಪೊಲೀಸ್ ಅಧಿಕಾರಿಗಳೂ ಇದನ್ನೇ ಹೇಳುತ್ತಾರೆ.

ಈಗ ನಮ್ಮ ಹುಡುಗನ ಕಾಗದಗಳಿಗೆ ಬರೋಣ.

ತಾಯಿಯ ಬಳಿ ಇದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನಾಲ್ಕು ಹಾಳೆ. ಉಳಿದದ್ದನ್ನೆಲ್ಲ ನ್ಯಾಯಾಲಯದಿಂದ ದೃಢೀಕೃತ ನಕಲು ಪಡೆದೆವು. ನಮ್ಮ ಪರಿಚಯದ ಒಬ್ಬ ಹಿರಿಯ ವಕೀಲರು ಒಂದು ಭಾನುವಾರ ಪೂರ್ತಿ ಕುಳಿತು ಓದಿದರು. ಅವರು ತೋರಿಸಿದ್ದು ಇಷ್ಟು. ಮಾದರಿಯನ್ನು ರಸ್ತೆ ಬದಿಯಲ್ಲೇ ತೆಗೆದಿದ್ದರು, ಮ್ಯಾಜಿಸ್ಟ್ರೇಟ್ ಎದುರು ಅಲ್ಲ. ಮಹಜರಿನಲ್ಲಿ ಮಾದರಿಯ ತೂಕ 50 ಗ್ರಾಂ, ಎಫ್‌ಎಸ್‌ಎಲ್ ವರದಿಯಲ್ಲಿ 38 ಗ್ರಾಂ. ಜಪ್ತಿಯಾದ ದಿನಕ್ಕೂ ಮಾದರಿ ಪ್ರಯೋಗಾಲಯ ತಲುಪಿದ ದಿನಕ್ಕೂ ನಡುವೆ 19 ದಿನ, ಆ ಅವಧಿಯಲ್ಲಿ ಅದು ಯಾರ ವಶದಲ್ಲಿತ್ತು ಎನ್ನಲು ಮುದ್ದೆಮಾಲು ರಿಜಿಸ್ಟರನ್ನು ಹಾಜರುಪಡಿಸಿಯೇ ಇರಲಿಲ್ಲ. ಸೀಲು ಹಾಕಿದ ಮೇಲೆ ಆ ಸೀಲು ಯಾರ ಬಳಿ ಹೋಯಿತು ಎಂದು ಯಾವ ಸಾಕ್ಷಿಯೂ ಹೇಳಿರಲಿಲ್ಲ. ಇಬ್ಬರು ಪಂಚರೂ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದಿದ್ದರು. ವಿಚಾರಣೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದವರೇ ಇಲ್ಲ. ಪಾಟೀಸವಾಲು ಒಂದೂವರೆ ಪುಟಕ್ಕೆ ಮುಗಿದಿತ್ತು.

ವಕೀಲರು ನಮಗೆ ಎಚ್ಚರಿಕೆಯನ್ನೂ ಕೊಟ್ಟರು. ಅದನ್ನು ಮುಚ್ಚಿಡದೆ ಹೇಳುತ್ತೇವೆ, ಏಕೆಂದರೆ ‘ಪೊಲೀಸರು ಒಂದು ತಪ್ಪು ಮಾಡಿದರೆ ಸಾಕು, ಕೇಸು ಬಿದ್ದುಹೋಗುತ್ತದೆ’ ಎಂದು ಹೇಳಿ ಹಣ ಕೀಳುವವರಿದ್ದಾರೆ. ಅದು ಸುಳ್ಳು. ಕೈಚೀಲ, ಗಾಡಿಯ ತಪಾಸಣೆಗೆ 50ನೇ ಕಲಂ ಅನ್ವಯಿಸುವುದಿಲ್ಲ ಎಂದು 2005ರಲ್ಲೇ ತೀರ್ಪಾಗಿದೆ. ದೂರು ಕೊಟ್ಟ ಅಧಿಕಾರಿಯೇ ತನಿಖೆ ಮಾಡಿದ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳುವುದಿಲ್ಲ ಎಂದು 2020ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. 52ಎ ಪಾಲನೆಯಾಗಲಿಲ್ಲ ಎಂಬುದೊಂದೇ ಬಿಡುಗಡೆಗೆ ಸಾಲದು, ಉಳಿದ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಶಿಕ್ಷೆ ನಿಲ್ಲಬಹುದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಲೋಪಗಳೆಲ್ಲ ಸೇರಿ ಜಪ್ತಿಯ ಮೇಲೆಯೇ ಅನುಮಾನ ಹುಟ್ಟಿಸುತ್ತವೆಯೇ ಎಂಬುದೇ ಪ್ರಶ್ನೆ. ನಮ್ಮ ಹುಡುಗನ ಪ್ರಕರಣದಲ್ಲಿ ಹುಟ್ಟಿಸುತ್ತವೆ ಎಂಬುದು ವಕೀಲರ ಅಭಿಪ್ರಾಯ.

ಸೆಷನ್ಸ್ ಮಟ್ಟದ ವಿಶೇಷ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ ಅವಕಾಶ. 57ನೇ ದಿನ ಮೇಲ್ಮನವಿ ಸಲ್ಲಿಕೆಯಾಯಿತು. ಹೈಕೋರ್ಟ್ ಕಾನೂನು ಸೇವಾ ಸಮಿತಿಯ ಮೂಲಕ ವಕೀಲರು ಉಚಿತವಾಗಿ ಸಿಕ್ಕರು. ಟ್ರಸ್ಟ್ ಕೊಟ್ಟದ್ದು ನಕಲು ಪ್ರತಿ, ಟೈಪಿಂಗ್ ಮತ್ತು ತಾಯಿಯ ಬಸ್ಸಿನ ಖರ್ಚು ಮಾತ್ರ. ಅದೂ ಸದಕಾ ಖಾತೆಯಿಂದ. ಝಕಾತ್ ಖಾತೆಯಿಂದ ಒಂದು ಪೈಸೆ ಹೋಗಿಲ್ಲ. ಲೆಕ್ಕಪತ್ರ ಕಚೇರಿಯಲ್ಲಿದೆ, ಯಾವ ದಾನಿಯೂ ಬಂದು ನೋಡಬಹುದು.

ಹೈಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಿ, ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿದೆ. ಅಂತಿಮ ತೀರ್ಪು ಇನ್ನೂ ಬಂದಿಲ್ಲ. ಬಿಡುಗಡೆಯಾದರೆ ಅಲ್ಹಂದುಲಿಲ್ಲಾಹ್. ಶಿಕ್ಷೆ ಖಾಯಂ ಆದರೆ ಅವನು ಅನುಭವಿಸುತ್ತಾನೆ, ಅದನ್ನು ನಾವೂ ಒಪ್ಪುತ್ತೇವೆ. ಆದರೆ ಆಗ, ಯಾರೂ ಓದದ ಕಾಗದದ ಮೇಲೆ ಅವನು ಜೈಲಿಗೆ ಹೋದ ಎಂಬ ಕೊರಗು ಯಾರಿಗೂ ಇರುವುದಿಲ್ಲ.

ಸಭೆಯಲ್ಲಿರುವ ತಂದೆ ತಾಯಂದಿರಿಗೆ ಕೆಲವು ಮಾತು. ಇಂಥ ಕಷ್ಟ ಯಾರಿಗೂ ಬಾರದಿರಲಿ. ಬಂದರೆ ಮೊದಲ ದಿನದಿಂದಲೇ ಕಾಗದ ಕಾಪಾಡಿ: ಎಫ್‌ಐಆರ್, ಮಹಜರು, ಎಫ್‌ಎಸ್‌ಎಲ್ ವರದಿ, ದೋಷಾರೋಪ ಪಟ್ಟಿ, ಸಾಕ್ಷಿಗಳ ಹೇಳಿಕೆ, ತೀರ್ಪು. ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತಪಾಸಣೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. ಆ ವಿಡಿಯೊ ಎಲ್ಲಿ ಎಂದು ನಿಮ್ಮ ವಕೀಲರು ಕೇಳಲಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಅದರ ಕಚೇರಿಯಿದೆ, ಸಹಾಯವಾಣಿ 15100. ಜೈಲಿನೊಳಗಿಂದಲೇ ಅಧೀಕ್ಷಕರ ಮೂಲಕ ಮೇಲ್ಮನವಿ ಕಳುಹಿಸಬಹುದು. 60 ದಿನ ದಾಟಿದ್ದರೂ ತಕ್ಕ ಕಾರಣ ತೋರಿಸಿ ವಿಳಂಬ ಮನ್ನಿಸಲು ಕೇಳಬಹುದು. ಆದರೆ ಅಲ್ಲಿಯವರೆಗೆ ಕಾಯಬೇಡಿ.

ಯುವಕರಿಗೂ ಒಂದು ಮಾತು. ಪರಿಚಯವಿಲ್ಲದವರ ಚೀಲ, ಪಾರ್ಸೆಲ್ಲು ಗಾಡಿಗೆ ಹತ್ತಿಸಿಕೊಳ್ಳಬೇಡಿ. ‘ಸ್ವಲ್ಪ ಇಟ್ಕೋ’ ಎನ್ನುವ ಗೆಳೆಯನನ್ನು ಅಲ್ಲಿಗೇ ಬಿಡಿ. ಚಟಕ್ಕೆ ಸಿಕ್ಕಿದ್ದರೆ ಮನೆಯಲ್ಲಿ ಹೇಳಿ, 14446ಕ್ಕೆ ಕರೆ ಮಾಡಿ. ತಾನಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಇದೇ ಕಾಯ್ದೆ 64ಎ ಕಲಂನಲ್ಲಿ ರಕ್ಷಣೆ ಕೊಟ್ಟಿದೆ. ಕಚೇರಿಗೆ ಬಂದರೆ ನಮ್ಮವರು ಆಸ್ಪತ್ರೆಗೆ ಜೊತೆಯಲ್ಲೇ ಬರುತ್ತಾರೆ, ಯಾರಿಗೂ ಹೇಳುವುದಿಲ್ಲ.

ಕೊನೆಯದಾಗಿ ಆ ಅರ್ಜಿಯ ವಿಷಯ. ತಾಯಿ ವಾಪಸ್ ಕೇಳಿದ ಅರ್ಜಿಯನ್ನು ನಾವು ಕೊಡಲಿಲ್ಲ. “ಮಗನ ಕೇಸು ಕೋರ್ಟು ನೋಡ್ಕೊಳ್ಳುತ್ತೆ ಆಪಾ, ಮಗಳ ಅಂಕಪಟ್ಟಿ ನಾವು ನೋಡ್ತೀವಿ” ಎಂದೆವು. ಅವಳು ಈಗ ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಗಟ್ಟಿಯಾಗಿ ವಾದಿಸಿದ ಆ ಹಿರಿಯ ಟ್ರಸ್ಟಿಯೇ ಅವಳ ಮೊದಲ ವರ್ಷದ ಪುಸ್ತಕಗಳ ಖರ್ಚನ್ನು ತಮ್ಮ ಕೈಯಿಂದ ಕೊಟ್ಟರು.

ಇದರಿಂದ ನಾವು ಕಲಿತದ್ದನ್ನು ನಿಯಮವಾಗಿ ಬರೆದಿದ್ದೇವೆ. ಈ ಬಾರಿಯ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಸೇರಿಸಿದ ಹೊಸ ಷರತ್ತು ಹೀಗಿದೆ: ‘ಕುಟುಂಬದ ಯಾವುದೇ ಸದಸ್ಯರ ಮೇಲೆ ಪ್ರಕರಣವಿರುವುದು ಅಥವಾ ಶಿಕ್ಷೆಯಾಗಿರುವುದು ಅರ್ಜಿದಾರರ ಅರ್ಹತೆಗೆ ಅಡ್ಡಿಯಲ್ಲ. ಈ ವಿವರವನ್ನು ಅರ್ಜಿಯಲ್ಲಿ ಕೇಳುವುದಿಲ್ಲ, ಪಟ್ಟಿಯಲ್ಲಿ ಪ್ರಕಟಿಸುವುದಿಲ್ಲ.’ ನಾಚಿಕೆಯಿಂದ ಅರ್ಜಿ ಹಾಕದೆ ಉಳಿದ ಮನೆ ನಿಮ್ಮ ಮಹಲ್ಲಾದಲ್ಲಿದ್ದರೆ, ಈ ಪುಟವನ್ನು ಅವರಿಗೆ ಓದಿ ಹೇಳಿ. ದಾನಿಗಳಾದ ನಿಮ್ಮಲ್ಲಿ ನಮ್ಮ ವಿನಂತಿ ಒಂದೇ: ಕಾನೂನು ನೆರವಿನ ಆ ಚಿಕ್ಕ ಸಾಲು ಮುಂದಿನ ವರ್ಷವೂ ಲೆಕ್ಕಪುಸ್ತಕದಲ್ಲಿ ಇರಲಿ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳನ್ನು ಚಟದಿಂದಲೂ ಅನ್ಯಾಯದಿಂದಲೂ ಕಾಪಾಡಲಿ. ಆಮೀನ್.

ವಸ್ಸಲಾಂ.